ನಲವತ್ತೊಂದು ಆಲಿಕೆ

"ಹನ್ನೆರಡೂ ವಾಪಸ್ ತಗೊಳ್ಳಿ!"

ಮೇಜಿನ ಮೇಲೆ ಧಡಧಡ ಬಿದ್ದ ಆಲಿಕೆಗಳ ಸದ್ದಿಗೆ ಅಂಗಡಿಯಲ್ಲಿ ಕೊಡತಿಯ ಬಡಿತ ನಿಂತಿತು.

ತಗಡಿನವನು ತಲೆ ಎತ್ತಿದ. ಬೆವರಿದ ಮುಖ, ಬಿಚ್ಚಿಹೋದ ಜಡೆ, ಮೂಗಿನ ತುದಿಯಲ್ಲೇ ಕೋಪ. ಮೊಣಕಾಲಿನ ಹತ್ತಿರ ಬಟ್ಟೆಗೆ ಹಸಿ ಮಣ್ಣು ಬೇರೆ ಮೆತ್ತಿಕೊಂಡಿತ್ತು. ಎರಡು ವಾರದ ಹಿಂದೆ ಬಂದು, ಇಳಿಜಾರು ಇಷ್ಟೇ ಇರಬೇಕು ಅಂತ ಕೋನ ಅಳೆದು, ಚಿತ್ರ ಬರೆದು ಕೊಟ್ಟುಹೋಗಿದ್ದವಳು ಇವಳೇ.

"ಏನಾಯ್ತು ಮೇಡಂ? ಸೋರುತ್ತಾ?"

"ಸೋರಲ್ಲ! ಅದೇ ತೊಂದರೆ!"

ಅವನಿಗೆ ನಗು ಬಂತು, ತಡೆದುಕೊಂಡ. ಒಂದು ಆಲಿಕೆ ಎತ್ತಿ, ಅದರ ಕೆಳಗಿನ ತೂತಿಗೆ ಬೆರಳಿಟ್ಟು, ಚೊಂಬಿನಿಂದ ನೀರು ಸುರಿದು ತೋರಿಸಿದ. ಒಂದು ಹನಿಯೂ ಜಿನುಗಲಿಲ್ಲ.

"ನಮ್ಮಪ್ಪನ ಕಾಲದಿಂದ ಎಣ್ಣೆ ಅಂಗಡಿಯವರಿಗೆಲ್ಲ ನಾವೇ ಆಲಿಕೆ ಮಾಡೋದು. ಇವತ್ತಿನವರೆಗೆ ಒಬ್ಬರೂ ವಾಪಸ್ ತಂದಿಲ್ಲ."

"ನಾನು ಎಣ್ಣೆ ಸುರಿಯಲ್ಲ. ಹುಳ ಸುರೀತೀನಿ!"

ಹಿಂದೆ ಸ್ಟೂಲಿನ ಮೇಲೆ ಕೂತು ತಗಡಿನ ಚೂರು ಬೇರ್ಪಡಿಸುತ್ತಿದ್ದ ಅವನ ಅಮ್ಮ ಕಿಸಕ್ಕನೆ ನಕ್ಕುಬಿಟ್ಟಳು. "ಬಂದಳಪ್ಪ ನಿನಗೆ ಸರಿಯಾದವಳು!"

ಅವಳು ನಗಲಿಲ್ಲ. ಚೀಲದಿಂದ ಒಂದು ಭೂತಗನ್ನಡಿ ತೆಗೆದು ಅವನ ಕೈಗಿಟ್ಟಳು.

"ಒಳಗೆ ಜೋಡಣೆ ಇದೆಯಲ್ಲ, ಆ ಅಂಚು ನೋಡಿ."

ಅವನು ನೋಡಿದ. ತಗಡಿನ ಎರಡು ಅಂಚು ಮಡಚಿ ಸೇರಿಸಿದ ಕಡೆ ಕೂದಲೆಳೆಯಷ್ಟು ಎತ್ತರದ ಏಣು. ಅದಕ್ಕೆ ಒರಗಿಕೊಂಡು ಮೂರು ಕಂದು ಚುಕ್ಕೆಗಳು.

"ಕಸ..."

"ಕಸ ಅಲ್ಲ. ಕಾಲು ಎಣಿಸಿ."

ಅವನು ಕಣ್ಣು ಕಿರಿದು ಮಾಡಿ ಎಣಿಸಿದ. ಆರು! ಸಾಸಿವೆಕಾಳಿನ ಅರ್ಧವೂ ಇಲ್ಲದ ಮೈಗೆ ಆರು ಕಾಲು, ಎರಡು ಮೀಸೆ, ಬೆನ್ನ ಮೇಲೆ ಮುಚ್ಚಿದ ರೆಕ್ಕೆ.

"ತರಗೆಲೆಯಲ್ಲಿ ಇರೋ ಹುಳ ಇದು," ಎಂದಳು. ಹುಳದ ಮಾತು ಬಂದ ಕೂಡಲೇ ಅವಳ ದನಿ ತಾನಾಗಿ ಮೆತ್ತಗಾಯಿತು. "ಆಲಿಕೆ ಮೇಲೆ ಜಾಳಿಗೆ ಇಟ್ಟು ತರಗೆಲೆ ಹಾಕ್ತೀವಿ. ಮೇಲಿಂದ ಸಣ್ಣ ಬಲ್ಬು. ಎಲೆ ಒಣಗ್ತಾ ಬಂದ ಹಾಗೆ ಬೆಳಕು, ಬಿಸಿ ತಡೀಲಾರದೆ ಹುಳ ಕೆಳಗೆ ಕೆಳಗೆ ಇಳಿಯುತ್ತೆ, ಜಾರಿ ಸೀಸೆಗೆ ಬೀಳುತ್ತೆ. ಆದ್ರೆ ನಿಮ್ಮ ಈ ಅಂಚು ಇದಕ್ಕೆ ಕೋಟೆ ಗೋಡೆ ಇದ್ದ ಹಾಗೆ. ಅಲ್ಲೇ ಕೂತು, ಒಣಗಿ, ಪುಡಿಯಾಗಿ ಹೋಗುತ್ತೆ. ಹನ್ನೆರಡು ಆಲಿಕೆ, ಐದು ದಿನದ ಕೆಲಸ... ಎಲ್ಲ ಮಣ್ಣುಪಾಲು!"

ಅವನು ಇನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿದ. ತನ್ನ ಕೈಯ ಕೆಲಸದಲ್ಲಿ ತಪ್ಪು ಕಂಡವನ ಮುಖ ಹೇಗಾಗುತ್ತದೋ ಹಾಗಾಯಿತು.

"ಬೆಸುಗೆ ಹೊರಗಿನಿಂದ ಹಾಕ್ತೀನಿ. ಒಳಗೆ ಕನ್ನಡಿ ಥರ ಇರುತ್ತೆ. ಶುಕ್ರವಾರ ಬನ್ನಿ."

"ಬುಧವಾರ ಬೇಕು!"

"...ಸರಿ. ಬುಧವಾರ."

ಜಗಳಕ್ಕೆಂದೇ ಸೊಂಟ ಕಟ್ಟಿ ಬಂದವಳಿಗೆ ಜಗಳ ಇಷ್ಟು ಬೇಗ ಮುಗಿದದ್ದು ಒಂಥರಾ ಪಿಚ್ಚೆನಿಸಿತು. ಮೂರು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಅವನು ಇನ್ನೂ ಆ ಮೂರು ಚುಕ್ಕೆಗಳನ್ನೇ ನೋಡುತ್ತಿದ್ದ.

*ಪರವಾಗಿಲ್ಲ. ಕಣ್ಣಿದೆ ಇವನಿಗೆ...*

*

ಬುಧವಾರ ಆಲಿಕೆ ಬಂದವು. ಅವಳು ಹೋಗಿ ತರುವ ಮೊದಲೇ ಅವನೇ ಹೊತ್ತು ತಂದಿದ್ದ.

ಕಾಲೇಜಿನ ಹಳೆಯ ಕಟ್ಟಡದ ಕಟ್ಟಕಡೆಯ ಕೋಣೆ ಅವಳದು. ಒಂದು ಮೈಕ್ರೋಸ್ಕೋಪು, ಎರಡು ಬೀರು, ಗೋಡೆಯುದ್ದಕ್ಕೂ ಸೀಸೆಗಳು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಹುಳದ ಮೇಡಂ' ಅಂತ. ಚಿಟ್ಟೆ, ಜೇನು ಅಂದರೆ ಜನ ಬಾಯಿ ಬಿಟ್ಟು ಕೇಳುತ್ತಾರೆ. ತರಗೆಲೆಯ ಹುಳ ಅಂದರೆ, "ಅದರಿಂದೇನು ಪ್ರಯೋಜನ?" ಎಂದು ಮುಖ ಸಿಂಡರಿಸುತ್ತಾರೆ. ಏಳು ವರ್ಷದಿಂದ ಈ ಪ್ರಶ್ನೆ ಕೇಳಿ ಕೇಳಿ ಅವಳ ಕಿವಿ ಗಟ್ಟಿಯಾಗಿತ್ತು.

ತಗಡಿನವನು ಆ ಪ್ರಶ್ನೆ ಕೇಳಲಿಲ್ಲ. ಅವನು ಕೇಳಿದ್ದು, "ಬಲ್ಬು ಎಷ್ಟು ಎತ್ತರದಲ್ಲಿರಬೇಕು?"

ಅವಳು ಹೇಳಿದಳು: ಮೊದಲ ದಿನ ಎತ್ತರ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಕೆಳಗೆ. ಒಮ್ಮೆಗೇ ಬಿಸಿ ತಾಗಿದರೆ ಹುಳ ಇಳಿಯುವ ಮೊದಲೇ ಸಾಯುತ್ತದೆ.

ಮುಂದಿನ ವಾರ ಅವನು ಬಲ್ಬು ಏರಿಸಿ ಇಳಿಸಲು ಹಲ್ಲಿರುವ ತಗಡಿನ ಕೊಕ್ಕೆ ಮಾಡಿ ತಂದ. ಅದರ ಮುಂದಿನ ವಾರ, ಗಾಳಿಗೆ ಎಲೆ ಹಾರದಂತೆ ಮುಚ್ಚಳ. ಅದರ ಮುಂದಿನ ವಾರ ಏನೂ ಮಾಡಿರಲಿಲ್ಲ, ಸುಮ್ಮನೆ ಬಂದ!

"ಏನು ತಂದ್ರಿ?" ಎಂದು ಕೇಳಿದಳು.

"ಏನೂ ಇಲ್ಲ... ಕೊಕ್ಕೆ ಸರಿ ಇದೆಯಾ ನೋಡೋಣ ಅಂತ."

"ಸರಿ ಇದೆ."

"ಹಾಗಾದ್ರೆ ಹೋಗ್ಲಾ?"

"ಬಂದಿದ್ದೀರಲ್ಲ, ಆ ಜರಡಿ ಹಿಡ್ಕೊಳ್ಳಿ."

ಜರಡಿ ಹಿಡಿದ. ಹೀಗೆ ಶುರುವಾಯಿತು. ನೀರಿನ ಟ್ಯಾಂಕಿನ ಹಿಂದಿದ್ದ ಹಳೆಯ ತೋಪಿನಲ್ಲಿ, ಹದಿನೇಳು ದೊಡ್ಡ ಮರಗಳ ಕೆಳಗೆ, ಇಬ್ಬರೂ ಮಂಡಿಯೂರಿ ತರಗೆಲೆ ಜರಡಿ ಹಿಡಿದರು. ಮೇಲಿನ ಒಣಗಿದ ಎಲೆ ಬೇಡ, ಕೆಳಗೆ ಅರ್ಧ ಕೊಳೆತು ಕಪ್ಪಾದದ್ದು ಬೇಕು ಎಂಬುದು ಅವನಿಗೆ ಎರಡೇ ದಿನದಲ್ಲಿ ಗೊತ್ತಾಯಿತು.

"ಮೇಲಿನದು ನನಗೆ ಕೊಟ್ಟುಬಿಡಿ," ಎಂದು ನಗುತ್ತಿದ್ದ. "ಬೆಸುಗೆ ಒಲೆ ಹಚ್ಚೋಕೆ ಇದರಂಥದ್ದು ಇನ್ನೊಂದಿಲ್ಲ."

ಆ ತೋಪಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಮೂರು ತಿಂಗಳಲ್ಲಿ ಅದನ್ನು ಸಮ ಮಾಡಿ ವಾಹನ ನಿಲ್ಲಿಸುವ ಜಾಗ ಮಾಡಲಿದ್ದರು. ಮತ್ತು ಅದೇ ತೋಪಿನಲ್ಲಿ ಅವಳಿಗೆ ಒಂದು ಹೊಸ ಹುಳ ಸಿಕ್ಕಿತ್ತು. ಈವರೆಗೆ ಯಾರೂ ವಿವರಿಸಿರದ ಜಾತಿ. ಹಾಗೆಂದು ಅವಳ ಮನಸ್ಸು ಹೇಳುತ್ತಿತ್ತು, ಆದರೆ ಮನಸ್ಸು ಹೇಳಿದರೆ ಲೋಕ ಒಪ್ಪುವುದಿಲ್ಲ. ಈ ಹುಳಗಳಲ್ಲಿ ಹೆಣ್ಣುಗಳೆಲ್ಲ ನೋಡಲು ಒಂದೇ ಥರ. ಜಾತಿ ಬೇರೆ ಎಂದು ತೋರಿಸಬೇಕಾದರೆ ಗಂಡು ಬೇಕು. ಅವಳ ಬಳಿ ಹನ್ನೊಂದು ಹೆಣ್ಣುಗಳಿದ್ದವು, ಗಂಡು ಒಂದೂ ಇರಲಿಲ್ಲ.

"ಗಂಡು ಅಂತ ಹೇಗೆ ಗೊತ್ತಾಗುತ್ತೆ?" ಅವನು ಕೇಳಿದ.

"ಮುಂಗಾಲಿನ ಪಾದ ಅಗಲ ಇರುತ್ತೆ. ಹೆಣ್ಣಿಗೆ ಸಣ್ಣ."

"ಸಿಗುತ್ತೆ ಬಿಡಿ. ಎಲ್ಲಿ ಹೋಗ್ತಾನೆ!"

ಅವನು ಅಷ್ಟು ಧೈರ್ಯವಾಗಿ ಹೇಳಿದ್ದು ಕೇಳಿ ಅವಳು ಜರಡಿ ನಿಲ್ಲಿಸಿ ಅವನನ್ನೇ ನೋಡಿದಳು. ಏಳು ವರ್ಷದಲ್ಲಿ ಈ ಮಾತು ಹೇಳಿದವನು ಇವನೊಬ್ಬನೇ.

*

ಒಂದು ಮಧ್ಯಾಹ್ನ ಗಂಡು ಸಿಕ್ಕಿತು!

ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ಕಿತ್ತು, ಮತ್ತೆ ಇಟ್ಟು, ಮತ್ತೆ ಕಿತ್ತಳು. ಅಗಲ ಪಾದ. ಎರಡೂ ಕಾಲಿಗೆ. ಕೂದಲಿನ ಕುಂಚದ ತುದಿಯಿಂದ ಅದನ್ನೆತ್ತಿ, ತ್ರಿಕೋನವಾಗಿ ಕತ್ತರಿಸಿದ ಪುಟ್ಟ ರಟ್ಟಿನ ಮೊನೆಯ ಮೇಲಿಟ್ಟಳು. ಅಂಟು ಇನ್ನೂ ಆರಬೇಕಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಅವನ ಚಪ್ಪಲಿಯ ಸದ್ದು.

"ಬನ್ನಿ, ಬೇಗ ಬನ್ನಿ! ಸಿಕ್ಕಿಬಿಟ್ಟ!"

ಗಾಜಿನ ಮುಚ್ಚಳ ತೆಗೆದವಳು ಅವಳೇ. ಹತ್ತಿರ ಕರೆದವಳು ಅವಳೇ. ಅದು ನೆನಪಿರಲಿ.

ಅವನು ಬಾಗಿದ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ತಗಡು ಕತ್ತರಿಸುತ್ತ ಬಂದವನು. ಯಾವ ಕೆಲಸವನ್ನೇ ಆಗಲಿ, ಕಣ್ಣ ಹತ್ತಿರ ಹಿಡಿದು ನೋಡುವ ಮೊದಲು ಅರದ ಪುಡಿ ಹೋಗಲೆಂದು ಒಮ್ಮೆ ಊದುವುದು ಅವನ ಉಸಿರಿಗೇ ಅಂಟಿದ ಅಭ್ಯಾಸ.

"ಉಫ್..."

ರಟ್ಟಿನ ಮೊನೆ ಖಾಲಿ!

ಅವಳು ಕಿಟಾರನೆ ಕಿರುಚಿದಳು. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು, ನೆಲದ ಮೇಲೆ ಬಿಳಿ ಕಾಗದ ಹಾಸಿ ಅಂಗುಲ ಅಂಗುಲ ಗುಡಿಸಿದರು. ಎರಡು ಗಂಟೆ ಹುಡುಕಿದರು. ದೂಳು ಸಿಕ್ಕಿತು, ಕೂದಲು ಸಿಕ್ಕಿತು, ಒಂದು ಗುಂಡಿ ಸಿಕ್ಕಿತು. ಹುಳ ಸಿಗಲಿಲ್ಲ.

"ಮೇಡಂ... ನನಗೆ ಗೊತ್ತೇ ಆಗಲಿಲ್ಲ... ಬೇಕು ಅಂತ..."

"ಸಾಕು."

"ನಾನು ಮತ್ತೆ ಹುಡುಕಿ..."

"ಸಾಕು ಅಂದೆ! ಏಳು ವರ್ಷದ ಕೆಲಸ ಒಂದು ಉಸಿರಲ್ಲಿ ಊದಿಬಿಟ್ರಲ್ಲ! ಇದೇನು ಬಕೆಟ್ಟಿಗೆ ತಳ ಹಾಕೋ ಕೆಲಸ ಅಂದ್ಕೊಂಡ್ರಾ? ನಿಮ್ಮಂಥವರಿಗೆ ತಗಡೇ ಸರಿ. ಇನ್ನು ಈ ಕೋಣೆಗೆ ಕಾಲಿಡಬೇಡಿ!"

ಅವನ ಮುಖ ಕಪ್ಪಿಟ್ಟಿತು. ಚಪ್ಪಲಿ ಮೆಟ್ಟಿ ಹೊರಟುಹೋದ. ಅವಳು ಅಂದೇ ಅವನ ನಂಬರ್ ಬ್ಲಾಕ್ ಮಾಡಿದಳು.

ಸಂಜೆ ಮನೆಯಲ್ಲಿ ಅಕ್ಕನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಲೋಕದಲ್ಲಿ ತಂಗೀರು ಒಡವೆ ಕಳ್ಕೊಂಡು ಅಳ್ತಾರೆ, ನನ್ನ ತಂಗಿ ಹುಳ ಕಳ್ಕೊಂಡು ಅಳ್ತಾಳೆ," ಎಂದಳು ಅಕ್ಕ ತಲೆ ನೇವರಿಸುತ್ತ. "ಒಂದು ಕೇಳ್ತೀನಿ, ನಿಜ ಹೇಳು. ಈ ಅಳು ಹುಳಕ್ಕೋ, ಊದಿದವನಿಗೋ?"

"ಅಕ್ಕಾ!"

"ಬೈಬೇಡ ಕಣೇ. ಕೇಳಿದೆ ಅಷ್ಟೆ."

*

ಅತ್ತದ್ದು ಅದೊಂದೇ ದಿನ. ಮರುದಿನ ಬೆಳಿಗ್ಗೆ ಅವಳು ಜರಡಿ ಹೆಗಲಿಗೆ ಹಾಕಿಕೊಂಡು ತೋಪಿನಲ್ಲಿದ್ದಳು.

*ಒಂದು ಇದ್ದ ಕಡೆ ಇನ್ನೊಂದು ಇರಲೇಬೇಕು. ತೋಪು ಇರೋವರೆಗೆ ನಾನು ಬಿಡಲ್ಲ.*

ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ತರಗೆಲೆ ತರುವಳು. ನಡುವಿನ ದಿನಗಳಲ್ಲಿ ಒಣಗಿಸುವುದು, ಸೀಸೆ ನೋಡುವುದು. ಹಿಡಿದ ಪಟ್ಟು ಬಿಡಲಿಲ್ಲ. ಹೆಣ್ಣುಗಳು ಹನ್ನೊಂದರಿಂದ ಹತ್ತೊಂಬತ್ತಾದವು. ಗಂಡು ಮಾತ್ರ ಸಿಗಲಿಲ್ಲ. ತೋಪು ಬಿಟ್ಟುಕೊಡಲು ಇಪ್ಪತ್ತು ದಿನ ಉಳಿಯಿತು, ಆಮೇಲೆ ಹದಿಮೂರು.

ಅವನು ಬರಲಿಲ್ಲ. ಬರಬೇಡ ಎಂದವಳೇ, ಚಪ್ಪಲಿಯ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ತಗಡಿನ ಕೊಕ್ಕೆಯಲ್ಲಿ ಬಲ್ಬು ಇಳಿಸುವಾಗಲೆಲ್ಲ ಒಂದು ನಿಮಿಷ ಕೈ ತಡೆಯುತ್ತಿತ್ತು.

*ನಿಮ್ಮಂಥವರಿಗೆ ತಗಡೇ ಸರಿ... ಛೇ! ಯಾಕೆ ಹಾಗಂದೆ?*

ಒಂದು ಗುರುವಾರ ಬೆಳಿಗ್ಗೆ ತೋಪಿನ ಗೇಟಿಗೆ ಬಂದವಳು ಗಕ್ಕನೆ ನಿಂತಳು.

ತರಗೆಲೆಯೇ ಇರಲಿಲ್ಲ! ನೆಲ ಬೋಳಾಗಿತ್ತು. ಮಣ್ಣಿನ ಮೇಲೆ ದೊಡ್ಡ ಯಂತ್ರದ ಚಕ್ರದ ಗುರುತು, ಒಂದು ಕಡೆ ಉರುಳಿಸಿದ ಎರಡು ಮರ.

"ಹದಿಮೂರು ದಿನ ಇತ್ತಲ್ಲ! ಯಾಕೆ ಈಗಲೇ?" ಎಂದು ಕಾವಲುಗಾರನನ್ನು ಹಿಡಿದು ಕೇಳಿದಳು.

"ಯಂತ್ರ ಬೇಗ ಸಿಕ್ತಂತಮ್ಮ. ಮಂಗಳವಾರ ಹತ್ತು ಗಂಟೆಗೇ ಬಂದ್ರು."

"ತರಗೆಲೆ ಎಲ್ಲಿ ಹಾಕಿದ್ರು? ಹೇಳಿ, ಎಲ್ಲಿ?"

"ಅವರು ಬರೋ ಮುಂಚೇನೇ ನಿಮ್ಮ ಜೊತೆ ಬರ್ತಿದ್ದನಲ್ಲ, ಆ ತಗಡಿನೋನು, ಗಾಡಿ ತಂದು ಗೋಣಿಚೀಲಗಟ್ಟಲೆ ಬಾಚ್ಕೊಂಡು ಹೋದ. ಒಲೆಗೆ ಇರಬೇಕು. ಬೆಂಕಿ ಚೆನ್ನಾಗಿ ಹತ್ತುತ್ತೆ ಅಂತ ಅವನೇ ಹೇಳ್ತಿದ್ದ."

ಮೊದಲು ಊದಿದ, ಈಗ ಉರಿಸಿದ! ಹಿಂದೆ ಮುಂದೆ ನೋಡದೆ ಓಡಿದಳು. ಅಂಗಡಿಯ ಬೀದಿ ತಿರುಗಿದಾಗ ಬಾಗಿಲ ಮುಂದಿನಿಂದ ಹೊಗೆ ಏಳುವುದು ಕಂಡಿತು. ಅವಳು ನಿಲ್ಲಲಿಲ್ಲ.

"ಎಲ್ಲಿ ನಿಮ್ಮ ಮಗ?"

ಹೊರಗಿನ ಒಲೆಯ ಮೇಲೆ ನೀರು ಕಾಯಿಸುತ್ತಿದ್ದ ಅವನ ಅಮ್ಮ ತಲೆ ಎತ್ತಿದಳು. ನಗಲಿಲ್ಲ.

"ಒಳಗಿದ್ದಾನೆ. ಮೂರು ದಿನದಿಂದ ಅಂಗಡಿ ಕೆಲಸ ಎಲ್ಲ ಬಂದ್. ಬಕೆಟ್ ಕೇಳಿಕೊಂಡು ಬಂದವರನ್ನೆಲ್ಲ ನಾನು ಸುಳ್ಳು ಹೇಳಿ ಕಳಿಸ್ತಿದ್ದೀನಿ. ಹೋಗಮ್ಮ, ಹೋಗಿ ನೀನೇ ಕೇಳು."

ಅವಳು ಬಾಗಿಲು ತಳ್ಳಿದಳು. ಬೈಯಲು ಬಾಯಿ ತುಂಬ ಮಾತಿತ್ತು. ಹೊಸ್ತಿಲಲ್ಲೇ ನಿಂತುಬಿಟ್ಟಳು.

ಸೂರಿನ ತೊಲೆಗಳಿಂದ ಸಾಲು ಸಾಲಾಗಿ ಆಲಿಕೆಗಳು ತೂಗುತ್ತಿದ್ದವು. ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದವು, ಹಳೆಯ ಬಕೆಟ್ಟು ಬಿಚ್ಚಿ ಮಾಡಿದವು, ಬಣ್ಣದ ಡಬ್ಬದವು. ಒಂದೊಂದರ ಮೇಲೆ ಒಂದೊಂದು ಸಣ್ಣ ಬಲ್ಬು, ಒಂದೊಂದರ ಕೆಳಗೆ ಸ್ಪಿರಿಟ್ ಹಾಕಿದ ಪುಟ್ಟ ಸೀಸೆ. ನೆರಳಿನ ಮೂಲೆಯಲ್ಲಿ ಗೋಣಿಚೀಲಗಳ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು.

ನಡುವೆ ಅವನು. ಮೂಗು ಬಾಯಿ ಮುಚ್ಚಿ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದ.

ಆ ಬಟ್ಟೆ ನೋಡಿದ್ದೇ ತಡ, ಅವಳ ಕಣ್ಣು ತುಂಬಿಬಂತು.

"ನಲವತ್ತೊಂದು," ಎಂದ ಬಟ್ಟೆಯೊಳಗಿಂದಲೇ. "ಹದಿನೇಳು ಮರದ ಬುಡದ್ದೂ ಬೇರೆ ಬೇರೆ ಹಾಕಿದ್ದೀನಿ. ಮೇಲಿನ ಎಲೆ ತಂದಿಲ್ಲ, ಕರಿ ಎಲೆ ಮಾತ್ರ."

"ನನಗ್ಯಾಕೆ... ನನಗ್ಯಾಕೆ ಹೇಳಲಿಲ್ಲ?"

"ಮಂಗಳವಾರ ಬೆಳಿಗ್ಗೆ ಒಂಬತ್ತು ಸಲ ಫೋನ್ ಮಾಡಿದೆ. ಹೋಗಲಿಲ್ಲ. ಕೋಣೆಗೆ ಕಾಲಿಡಬೇಡಿ ಅಂದಿದ್ರಿ. ಯಂತ್ರದ ಡ್ರೈವರ್ ಡೀಸೆಲ್ ಆಲಿಕೆ ಕೊಳ್ಳೋಕೆ ಅಂಗಡಿಗೆ ಬಂದು ಹೇಳಿದಾಗ, ಯಂತ್ರ ಬರೋಕೆ ಎರಡೇ ಗಂಟೆ ಇತ್ತು. ನಿಮ್ಮನ್ನ ಹುಡುಕ್ಲಾ, ಎಲೆ ಬಾಚ್ಲಾ?"

ಅವಳು ಗೋಡೆಗೆ ಒರಗಿದಳು. "ನಾನು... ನೀವು ಒಲೆಗೆ ಹಾಕಿದ್ರಿ ಅಂತ..."

ಅವನು ಬಟ್ಟೆ ಕೆಳಗೆ ಎಳೆದ. ಮೊದಲ ಬಾರಿಗೆ ಅವನ ಕಣ್ಣಲ್ಲಿ ಕೋಪ ಕಂಡಳು.

"ಊದಿದ್ದು ನನ್ನ ತಪ್ಪು. ಸಾಯೋವರೆಗೂ ಒಪ್ಕೋತೀನಿ. ಆದ್ರೆ ಒಲೆಗೆ ಹಾಕಿದೆ ಅಂತ ಹೇಗೆ ಅನ್ನಿಸ್ತು ನಿಮಗೆ? ಎರಡು ತಿಂಗಳು ನಿಮ್ಮ ಪಕ್ಕದಲ್ಲಿ ಮಂಡಿ ಊರಿದ್ದೀನಲ್ಲ ಮೇಡಂ!"

ಅವಳು ತಲೆ ತಗ್ಗಿಸಿದಳು.

"ಇದು ನಿಮ್ಮನ್ನ ಮೆಚ್ಚಿಸೋಕೆ ಮಾಡಿದ್ದಲ್ಲ. ನಾನು ಕಳೆದದ್ದು, ನಾನು ಹುಡುಕಿ ಕೊಡಬೇಕು. ಸಿಕ್ಕಿದ ಮೇಲೆ ನೀವ್ಯಾರೋ ನಾನ್ಯಾರೋ."

ಆ ಕೊನೆಯ ಮಾತು ಅವಳ ಎದೆಗೆ ಚುಚ್ಚಿತು. ಅಳಬೇಕೆನಿಸಿತು. ಆದರೆ ಅವಳು ಕಣ್ಣೊರೆಸಿಕೊಂಡು ಏಳನೆಯ ಆಲಿಕೆಯ ಹತ್ತಿರ ಹೋಗಿ, ಎಲೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಇದು ಬಿಸಿ ಜಾಸ್ತಿ. ಬಲ್ಬು ಎರಡು ಹಲ್ಲು ಮೇಲೆ ಏರಿಸಿ."

ಅವನು ಏರಿಸಿದ. ಅವಳು ಎಂಟನೆಯದಕ್ಕೆ ಹೋದಳು.

*

ಎಲೆ ಪೂರ್ತಿ ಒಣಗಲು ಇನ್ನೂ ನಾಲ್ಕು ದಿನ ಬೇಕಿತ್ತು. ನಾಲ್ಕು ದಿನವೂ ಅವಳು ಬೆಳಿಗ್ಗೆ ಅಂಗಡಿಗೆ ಬಂದಳು. ಮೈಕ್ರೋಸ್ಕೋಪನ್ನೇ ಹೊತ್ತು ತಂದು ಕೊಡತಿ ಇಡುವ ಮೇಜಿನ ಮೇಲಿಟ್ಟಳು. ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೆ. ಮೇಡಂ, ಸರಿ, ಆಯ್ತು. ಆ ಮೂರು ಮಾತಿನ ಆಚೆ ಬಾಯಿಗೆ ಬೀಗ.

ಎರಡನೆಯ ದಿನ ಅವಳೇ ಹೇಳಿದಳು.

"ನಿಮ್ಮಂಥವರಿಗೆ ತಗಡೇ ಸರಿ ಅಂದೆ. ಅದು ತಪ್ಪು. ಮುಚ್ಚಳ ತೆಗೆದವಳು ನಾನು. ಅಂಟು ಆರಿರಲಿಲ್ಲ ಅಂತ ಗೊತ್ತಿದ್ದವಳೂ ನಾನು. ಎಲ್ಲ ನಿಮ್ಮ ತಲೆಗೆ ಕಟ್ಟಿದೆ."

ಅವನು ಬಲ್ಬಿನ ಕೊಕ್ಕೆಯಿಂದ ಕೈ ತೆಗೆದ.

"ತಗಡಿಗೇನು ಕಡಿಮೆ? ಅದನ್ನ ನಾನು ಬೈಗುಳ ಅಂದ್ಕೊಳ್ಳಲೇ ಇಲ್ಲ," ಎಂದ. "ಬೇರೆ ಯಾರಾದ್ರೂ ಹೇಳಿದ್ರೆ ನಕ್ಕು ಬಿಡ್ತಿದ್ದೆ. ನೀವು ಹೇಳಿದ್ರಲ್ಲ... ಅದಕ್ಕೆ."

ಮತ್ತೆ ಬಲ್ಬಿನ ಕಡೆ ತಿರುಗಿಬಿಟ್ಟ.

ಆ ದಿನ ಮನೆಗೆ ಬಂದವಳನ್ನು ಅಕ್ಕ ಕೇಳಿದಳು, "ಏನಂದ?"

"ಕ್ಷಮಿಸಿದ ಅನ್ಸುತ್ತೆ. ಆದ್ರೆ ದೂರ ಹೋಗಿದ್ದಾನೆ ಅಕ್ಕ. ಹುಳ ಸಿಕ್ಕಿದ ದಿನ ಪೂರ್ತಿ ಹೋಗ್ತಾನೆ."

"ಹಾಗಾದ್ರೆ ಸಿಗೋ ಮುಂಚೆ ಹಿಡ್ಕೋ. ಮುಂಗಾಲು ಅಗಲ ಇದ್ಯೋ ಇಲ್ವೋ ಆಮೇಲೆ ನೋಡುವೆಯಂತೆ!"

"ಥೂ, ನಿನ್ನ!"

ನಕ್ಕರೂ ಆ ಮಾತು ಅವಳ ತಲೆಯಲ್ಲಿ ಕೂತಿತು.

ಸೋಮವಾರ ಬೆಳಿಗ್ಗೆ ಎಲೆಗಳು ಗರಗರ ಒಣಗಿದ್ದವು. ನಲವತ್ತೊಂದು ಸೀಸೆ ಸಾಲಾಗಿ ಮೇಜಿನ ಮೇಲೆ ಬಂದು ಕೂತವು. ಅವನು ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡು ಗೋಡೆಯ ಹತ್ತಿರ ದೂರ ನಿಂತ. ಅಮ್ಮ ಬಾಗಿಲಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಅವಳು ಮೊದಲ ಸೀಸೆ ಎತ್ತಿದಳು. ಮುಚ್ಚಳ ತೆಗೆಯದೆ ಕೆಳಗಿಟ್ಟಳು.

"ಒಂದು ಮಾತು ಹೇಳಬೇಕು. ಈಗಲೇ."

"ಮೊದಲು ನೋಡಿ ಮೇಡಂ."

"ಇಲ್ಲ. ಹುಳ ಸಿಕ್ಕಿದ ಮೇಲೆ ಹೇಳಿದ್ರೆ, ಖುಷಿಗೆ ಹೇಳಿದ್ಲು ಅಂತೀರ. ಸಿಗದಿದ್ರೆ, ಸಂಕಟಕ್ಕೆ ಹೇಳಿದ್ಲು ಅಂತೀರ. ಅದಕ್ಕೆ ಒಂದೂ ಸೀಸೆ ತೆರೀದೆ ಹೇಳ್ತಿದ್ದೀನಿ." ಅವಳು ಅವನ ಕಣ್ಣನ್ನೇ ನೋಡಿದಳು. "ನನಗೆ ನೀವು ಬೇಕು. ಇದರಲ್ಲಿ ಗಂಡು ಹುಳ ಇದ್ರೂ ಬೇಕು, ಇಲ್ದಿದ್ರೂ ಬೇಕು. ನೀವ್ಯಾರೋ ನಾನ್ಯಾರೋ ಅಂದ್ರಲ್ಲ... ಅದು ನನ್ನ ಕೈಲಾಗಲ್ಲ."

ಅಮ್ಮ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಆಚೆ ಸರಿದಳು.

ಬಟ್ಟೆಯ ಮೇಲೆ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವು ಒದ್ದೆಯಾಗಿದ್ದವು.

"ನೋಡಿ ಮೇಡಂ," ಎಂದ. "ಮೊದಲು ಸೀಸೆ ನೋಡಿ."

ಅವಳು ನೋಡಿದಳು. ಒಂದು, ಎರಡು, ಮೂರು... ನುಸಿಗಳು, ಮರಿ ಜೇಡಗಳು, ಜಿಗಿಯುವ ಬಿಳಿ ಹುಳಗಳು. ಹತ್ತನೆಯದರಲ್ಲಿ ಒಂದು ಹೆಣ್ಣು. ಹದಿನಾರರಲ್ಲಿ ಎರಡು ಹೆಣ್ಣು. ಮಧ್ಯಾಹ್ನವಾಯಿತು. ಊಟ ಬೇಡವೆಂದಳು. ಇಪ್ಪತ್ತೇಳು, ಇಪ್ಪತ್ತೆಂಟು. ಕುತ್ತಿಗೆ ಮರಗಟ್ಟಿತು. ಮೂವತ್ತಮೂರರಲ್ಲಿ ಮತ್ತೆ ಹೆಣ್ಣು. ಅವನು ಗೋಡೆ ಬಿಟ್ಟು ಅಲ್ಲಾಡಿರಲಿಲ್ಲ.

*ಸಿಗದಿದ್ರೂ ಸರಿ, ಬೇರೆ ತೋಪು ಹುಡುಕ್ತೀನಿ. ಬೇರೆ ಊರು ಹುಡುಕ್ತೀನಿ. ಬಿಡಲ್ಲ.*

ಮೂವತ್ತೊಂಬತ್ತು.

ಕುಂಚದ ತುದಿಯಲ್ಲಿ ಮೆಲ್ಲಗೆ ಮಗುಚಿದಳು. ಒಂದು ಕಾಲು ಬಿಚ್ಚಿಕೊಂಡಿತು. ಅವಳ ಕುಂಚ ಅಲ್ಲೇ ನಿಂತಿತು.

"ಏನು?" ಎಂದ ಅವನು.

"ಅಗಲ," ಎಂದಳು ಪಿಸುದನಿಯಲ್ಲಿ. "ಪಾದ ಅಗಲ ಇದೆ... ಎರಡೂ ಅಗಲ ಇದೆ!"

ಅವನು ಗೋಡೆಗೆ ಒರಗಿ ಹಾಗೇ ಕುಸಿದು ನೆಲದ ಮೇಲೆ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಗಂಡನ್ನು ಬೇರೆ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಇನ್ನೊಮ್ಮೆ ಬಿಗಿದು, ಆಮೇಲೆ ಎದ್ದುಬಂದು ಅವನ ಎದುರು ನೆಲದ ಮೇಲೆಯೇ ಕೂತಳು.

ಮೂವತ್ತೊಂಬತ್ತನೆಯ ಸೀಸೆಯೊಳಗೆ ಅವನು ಹಾಕಿದ್ದ ಚೀಟಿ ಅವಳ ಕೈಯಲ್ಲಿತ್ತು. ಪೆನ್ಸಿಲ್ಲಿನಲ್ಲಿ ಗುಂಡು ಗುಂಡಾದ ಅಕ್ಷರ. ಹದಿನೈದನೆಯ ಮರ, ಬುಡದ ಎಡಕ್ಕೆ, ಒಂದು ಗೇಣು ಆಳ, ಮಂಗಳವಾರ, ತಾರೀಖು, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಎಲ್ಲವೂ ಸರಿಯಾಗಿತ್ತು. ಕೊನೆಯ ಸಾಲಿನಲ್ಲಿ 'ಸಂಗ್ರಹಿಸಿದವರು' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ.

"ಇದು ಯಾಕೆ ಖಾಲಿ? ನೋಡಿದ ಸೀಸೆಗಳಲ್ಲೆಲ್ಲ ಖಾಲಿ ಬಿಟ್ಟಿದ್ದೀರ!"

"ನಿಮ್ಮ ಹೆಸರು ಬರೆಯೋಕೆ ಹೋದೆ. ನೀವು ಅಲ್ಲಿರಲಿಲ್ಲ, ಸುಳ್ಳಾಗುತ್ತೆ ಅನ್ನಿಸ್ತು. ನನ್ನ ಹೆಸರು ಬರೆಯೋಕೆ..." ಅವನು ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. "ಧೈರ್ಯ ಬರಲಿಲ್ಲ."

ಅವಳು ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಂಡು, ಚೀಟಿಯನ್ನು ಮೊಣಕಾಲಿನ ಮೇಲಿಟ್ಟು, ಆ ಸಾಲಿನಲ್ಲಿ ಅವನ ಹೆಸರು ಬರೆದಳು. ಪೂರ್ತಿ ಹೆಸರು, ತಂದೆಯ ಹೆಸರಿನ ಮೊದಲ ಅಕ್ಷರದ ಸಮೇತ.

ಅವನು ಬಾಗಿ ಓದಿದ. ಬಹಳ ಹೊತ್ತು ಓದಿದ.

"ಪಕ್ಕದಲ್ಲಿ ನಿಮ್ಮದೂ ಬರೀರಿ."

"ಬರೆಯೋ ಹಾಗಿಲ್ಲ. ಆವತ್ತು ನಾನಿರಲಿಲ್ಲ. ಚೀಟಿಯಲ್ಲಿ ಸುಳ್ಳು ನಡೆಯಲ್ಲ."

"ಹಾಗಿದ್ರೆ... ಮುಂದಿನ ಸಲ ಇಬ್ಬರೂ ಹೋಗೋಣ."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಎಲ್ಲಿಗೆ?"

"ತರಗೆಲೆ ಎಲ್ಲಿದ್ಯೋ ಅಲ್ಲಿಗೆ. ಅದರ ಮುಂದಿನ ಸಲಾನೂ. ಪ್ರತಿ ಸಲಾನೂ." ಮೇಡಂ ಎಂಬ ಮಾತು ಅವನ ಬಾಯಿಂದ ಮರೆಯಾಗಿತ್ತು. "ಆಗ ಎರಡು ಹೆಸರು ಬರೆದ್ರೂ ಸುಳ್ಳಾಗಲ್ಲ ತಾನೆ?"

ಅವಳು ತಲೆಯಾಡಿಸಿದಳು. ನಗುತ್ತಿದ್ದಳು, ಕಣ್ಣೀರು ಮಾತ್ರ ನಿಲ್ಲುತ್ತಿರಲಿಲ್ಲ.

"ಚೀಟಿ ತುಂಬಾ ಚಿಕ್ಕದು. ಒತ್ತೊತ್ತಾಗಿ ಬರೀಬೇಕಾಗುತ್ತೆ."

"ಬರೀರಿ," ಎಂದ ಅವನು, ಅವಳ ಮಣ್ಣಂಟಿದ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡು. "ನನಗೇನೂ ಇಕ್ಕಟ್ಟಾಗಲ್ಲ."